ತೇರಗಾಂವದ ಬಂದೂಕು ಮತ್ತು ಖಂಡೇನವಮಿಯ ಕುಂಕುಮ

ಧಾರವಾಡದಿಂದ ಹಳಿಯಾಳಕ್ಕೆ ಬೆಳಗಿನ ಬಸ್ಸು ಹಿಡಿದಾಗ ನನ್ನ ಕೈಚೀಲದಲ್ಲಿದ್ದದ್ದು ಎರಡು ಸೀರೆ, ಒಂದು ಡಬ್ಬಿ ಅವಲಕ್ಕಿ ಮತ್ತು ಒಂದು ಗೇಜು. ಪಕ್ಕದಲ್ಲಿ ಬಂದೂಕಿನ ಕಂಪನಿಯ ದೇಶಮುಖ ಸಾಹೇಬರು. ಬೆಳಗಾವಿಯಲ್ಲಿ ಬೆಳೆದವರಾದ್ದರಿಂದ ಕನ್ನಡ ಸರಾಗ. ದಾರಿಯುದ್ದಕ್ಕೂ ಮಾತೂ ಸರಾಗವೇ. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಯಜಮಾನರು ತೀರಿಕೊಂಡ ಮೇಲೆ ಅವರ ಬಂದೂಕಿನ ಅಂಗಡಿಯನ್ನು ನಾನೇ ನಡೆಸುತ್ತಿದ್ದೆ. ಹೆಂಗಸು ಬಂದೂಕು ಮಾರುವುದೇ ಎಂದು ಹುಬ್ಬೇರಿಸಿದವರೆಲ್ಲ ಆಮೇಲೆ ಗಿರಾಕಿಗಳಾಗಿದ್ದರು.

ಆ ವರ್ಷ ಬೆಳೆ ಕಾಯುವ ಲೈಸೆನ್ಸ್ ಇದ್ದ ಕೆಲವು ರೈತರಿಗೆ ಈ ಕಂಪನಿಯ ಹೊಸ ರೈಫಲ್ ಮಾರಿದ್ದೆ. ದಸರೆ ಮುಗಿಯುವಷ್ಟರಲ್ಲಿ ದೂರುಗಳು ಬಂದವು. ಕಾಡತೂಸು ಒಳಗೆ ಪೂರ್ತಿ ಕೂರುತ್ತಿಲ್ಲ, ಅದರ ಹಿಂಬದಿಯನ್ನು ಮುಚ್ಚುವ ಉಕ್ಕಿನ ಬೋಲ್ಟು ಕೂರುತ್ತಿಲ್ಲ. ನಳಿಗೆಯ ಹಿಂಬದಿಯಲ್ಲಿ ಕಾಡತೂಸು ಕೂರುವ ಜಾಗಕ್ಕೆ ಚೇಂಬರ್ ಎನ್ನುತ್ತಾರೆ. ಅದು ಅಳತೆಗಿಂತ ಕೂದಲೆಳೆಯಷ್ಟು ಗಿಡ್ಡವಾದರೂ ಹೀಗಾಗುತ್ತದೆ. ನನ್ನ ಗೇಜು ಕಾಡತೂಸಿನ ಆಕಾರದ ಉಕ್ಕಿನ ತುಂಡು. ಅದನ್ನು ಒಳಗಿಟ್ಟಾಗ ಬೋಲ್ಟು ಮುಚ್ಚಿದರೆ ಚೇಂಬರ್ ಸರಿ, ಮುಚ್ಚದಿದ್ದರೆ ಗಿಡ್ಡ. ಕಂಪನಿ ಮಾತ್ರ ತಪ್ಪು ಗಿರಾಕಿಗಳದ್ದು ಎಂದಿತ್ತು. ಖಂಡೇನವಮಿಯ ದಿನ ಅರಿಷಿಣ ಕುಂಕುಮ ಹಚ್ಚಿ ಆಯುಧಪೂಜೆ ಮಾಡಿ ಬಂದೂಕು ಕೆಡಿಸಿದ್ದಾರಂತೆ. ಅದನ್ನು ಊರೂರಿಗೆ ಹೋಗಿ ತೋರಿಸಿಕೊಡಲು ಸಾಹೇಬರು ಬಂದಿದ್ದರು.

ಹಳಿಯಾಳದಲ್ಲಿ ಚಹಾ ಕುಡಿದು ತೇರಗಾಂವಕ್ಕೆ ಹೋದೆವು. ಗೋವಿನಜೋಳ ತೆನೆ ಕಟ್ಟಿತ್ತು. ಹಂದಿಗಳು ನುಗ್ಗುವ ಕಾಲ. ದೂರು ಕೊಟ್ಟಿದ್ದ ರೈತ ಮಲ್ಲಪ್ಪ ಪಡಸಾಲೆಯ ಹೊರಸಿನ ಮೇಲೆ ಮಲಗಿದ್ದ, ಬಲಗೆನ್ನೆಗೆ ಪಟ್ಟಿ. ಮುಚ್ಚದ ಬೋಲ್ಟನ್ನು ಅಂಗೈಯಿಂದ ಗುದ್ದಿ ಅರ್ಧ ತಿರುಗಿಸಿ ಬಂದೂಕಿನ ಕುದುರೆ ಎಳೆದಿದ್ದ. ಗುಂಡಿನ ಬೆಂಕಿ ಸಂದಿಯಿಂದ ಹಿಂದಕ್ಕೆ ಬಂದು ಕೆನ್ನೆ ಸುಟ್ಟಿತ್ತು. ಕಣ್ಣು ಉಳಿದದ್ದು ದೊಡ್ಡದು.

ದೇಶಮುಖರು ಬಂದೂಕಿನ ಚೇಂಬರಿಗೆ ಬಿಳಿ ಅರಿವೆ ತೂರಿಸಿ ತಿರುವಿ ತೆಗೆದರು. ಅರಿವೆಗೆ ಕೆಂಪು ಹತ್ತಿತ್ತು. ನೋಡಲು ಬಂದ ಓಣಿಯ ಹತ್ತಾರು ಮಂದಿಯ ಮುಂದೆ ಅದನ್ನು ಎತ್ತಿ ಹಿಡಿದು, ಪೂಜೆ ಮಾಡಿದವರು ಯಾರೆಂದು ಕೇಳಿದರು. ಮಲ್ಲಪ್ಪನ ಹೆಂಡತಿ ಗಂಗವ್ವ ತಾನೇ ಎಂದಳು.

"ನಿನ್ನ ಕೈಯಿಂದನ ಗಂಡನ ಮಾರಿ ಸುಟ್ಟೈತಿ ತಂಗಿ," ಎಂದರು ದೇಶಮುಖರು. "ಆಯುಧಕ್ಕ ಹೆಂಗಸರು ಕೈ ಹಚ್ಚಬಾರದು."

ಅವಳ ಅತ್ತೆ ಹೌದೆಂದು ತಲೆಯಾಡಿಸಿದಳು. ಮಲ್ಲಪ್ಪ ಗೋಡೆಯ ಕಡೆ ಮುಖ ತಿರುಗಿಸಿದ. ಗಂಗವ್ವ ಅಳಲಿಲ್ಲ.

"ಒಂದು ಚಿಟಿಕಿ ಕುಂಕುಮಕ್ಕ ಸೋಲೂದಾದ್ರ ಅದೆಂಥಾ ಉಕ್ಕರೀ?" ಎಂದು ಕೇಳಿದಳು.

ಚೇಂಬರನ್ನು ಚೆನ್ನಾಗಿ ಒರೆಸಿ ನಾನು ಗೇಜು ಹಾಕಿದೆ. ಬೋಲ್ಟು ಆಗಲೂ ಮುಚ್ಚಲಿಲ್ಲ. ಸಾಹೇಬರು ನನ್ನನ್ನು ಆಚೆ ಕರೆದು, ಕುಂಕುಮ ಲೋಹದೊಳಗೇ ಇಳಿದಿದೆ, ನೀವು ಸುಮ್ಮನಿದ್ದರೆ ನಿಮ್ಮ ಅಂಗಡಿಗೆ ಕಂಪನಿಯ ಏಜೆನ್ಸಿ ಉಳಿಯುತ್ತದೆ ಎಂದರು. ಮಾರಿದವಳು ನಾನು, ಮಾಡಿದವರು ಅವರು, ಮಾತು ಕೇಳುತ್ತಿರುವವಳು ಗಂಗವ್ವ. ಬಂದೂಕನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಹೊರಟೆ. ಪೂಜೆಯೇ ಕಾಣದ ಒಂದು ಬಂದೂಕು ಸಿಕ್ಕರೆ ಇವರ ಬಾಯಿ ಮುಚ್ಚಿಸಬಹುದು ಎಂದು ಲೆಕ್ಕ ಹಾಕಿದೆ. ಅದೇ ರೈಫಲ್ ಕೊಂಡು ದೂರು ಕೊಟ್ಟಿದ್ದ ಜೋಯಿಡಾ ಕಡೆಯ ಇನಾಸ ಸಿದ್ದಿ ನೆನಪಾದ. ಕ್ರಿಸ್ತುವರ ಮನೆಯಲ್ಲಿ ಎಲ್ಲಿಯ ಖಂಡೇನವಮಿ?

ಆ ರಾತ್ರಿ ದಾಂಡೇಲಿಯ ಅಂಬೇವಾಡಿಯಲ್ಲಿ ಉಳಿದೆವು. ಊರೆಲ್ಲ ಕಾಗದದ ಗಿರಣಿಯ ವಾಸನೆ. ಲಾಡ್ಜಿನವನು ನನ್ನನ್ನು, ಸಾಹೇಬರನ್ನು, ಗೋಣಿಚೀಲವನ್ನು ಸರದಿಯ ಮೇಲೆ ನೋಡಿದ. ಎರಡು ಕೋಣೆ ಬೇಕು ಎಂದ ಮೇಲೆ ಅವನಿಗೆ ಜೀವ ಬಂತು.

ಮರುದಿನ ಜೋಯಿಡಾಕ್ಕೆ ಬಸ್ಸು ಕಾಡಿನ ತಿರುವುಗಳಲ್ಲಿ ಏದುಸಿರು ಬಿಡುತ್ತ ಹೋಯಿತು. ಹಿಂಗಾರು ಮಳೆ ಬಿದ್ದು ನೆಲ ಜಾರುತ್ತಿತ್ತು. ಬಸ್ಸಿಳಿದು ಮೂರು ಮೈಲಿ ನಡೆದು ಇನಾಸನ ಮನೆ ಮುಟ್ಟಿದೆವು. ಅವನ ಹೆಂಡತಿ ಬೆಲ್ಲದ ಕರಿ ಚಹಾ ಕೊಟ್ಟಳು. ಇನಾಸ ಒಳಗಿನಿಂದ ಬಂದೂಕು ತಂದ. ಹಿಡಿಕೆಯ ಮೇಲೆ ಕುಂಕುಮ, ಪಟ್ಟಿಯಲ್ಲಿ ಬಾಡಿದ ಚೆಂಡುಹೂವು. ಪಕ್ಕದ ಮನೆಯ ಹಿಂದೂ ಸಿದ್ದಿಗಳು ಪ್ರತಿ ವರ್ಷ ಇವರ ಕತ್ತಿ, ಕೊಡಲಿಗಳನ್ನೂ ತಮ್ಮವುಗಳ ಜೊತೆಯಲ್ಲೇ ಇಟ್ಟು ಪೂಜಿಸುತ್ತಾರಂತೆ.

"ಅವರ ಹಬ್ಬಕ್ಕ ನಮ್ಮ ಕೊಡಲಿ ಹೋಗತಾವು, ನಮ್ಮ ಹಬ್ಬಕ್ಕ ಅವರ ಮನಿ ಮಂದಿ ಬರ್ತಾರ," ಎಂದ ಇನಾಸ. "ಬಂದೂಕ ಒಂದನ್ನ ಹೊರಗ ಇಡೂದು ಹೆಂಗ್ರಿ ಬಾಯಾರ?"

ದೇಶಮುಖರು ಹೊಟ್ಟೆ ಹಿಡಿದುಕೊಂಡು ನಕ್ಕರು. ಈ ಬಂದೂಕಿಗೂ ಗೇಜು ಹಾಕಿದೆ, ಬೋಲ್ಟು ಮುಚ್ಚಲಿಲ್ಲ. ಪೂಜೆ ಮಾಡಿದ್ದು ತಪ್ಪಾಯಿತು ಎಂದು ಒಪ್ಪಿಕೊಂಡರೆ ಕಂಪನಿಯೇ ಪುಕ್ಕಟೆ ತೊಳೆದು ಕೊಡುತ್ತದೆ ಎಂದು ಸಾಹೇಬರು ಆಸೆ ತೋರಿಸಿದರು. ಇನಾಸ ಬಂದೂಕನ್ನು ನನ್ನ ಕೈಗಿಟ್ಟ. ಬಂದೂಕಿಲ್ಲದಾಗ ಡಬ್ಬಿ ಬಡಿದು ಹಂದಿ ಓಡಿಸುತ್ತಿದ್ದೆವು, ಈ ವರ್ಷವೂ ಬಡಿಯುತ್ತೇವೆ, ನೆರೆಮನೆಯವರ ಮೇಲೆ ಮಾತ್ರ ಸುಳ್ಳು ಹೇಳುವುದಿಲ್ಲ ಎಂದ.

ಬಸ್‌ಸ್ಟ್ಯಾಂಡಿನವರೆಗೂ ಸಾಹೇಬರ ನಗು ನಿಲ್ಲಲಿಲ್ಲ. ಹಾಗೆ ನಡೆಯುವಾಗಲೇ ನನ್ನ ದಡ್ಡತನ ತಿಳಿಯಿತು. ಪೂಜೆ ಇಲ್ಲದ ಬಂದೂಕನ್ನು ಯಾಕೆ ಹುಡುಕಬೇಕು? ಎಲ್ಲಕ್ಕಿಂತ ಹೆಚ್ಚು ಪೂಜೆ ಕಂಡದ್ದನ್ನು ಹುಡುಕಬೇಕಿತ್ತು. ಮುಂಡಗೋಡ ತಾಲೂಕಿನ ಅತ್ತಿವೇರಿಯಲ್ಲಿ ವೀರಭದ್ರಪ್ಪನವರಿಗೆ ಯಜಮಾನರು ಇಪ್ಪತ್ತು ವರ್ಷದ ಹಿಂದೆ ಇದೇ ಕಾಡತೂಸು ಹಾಕುವ ರೈಫಲ್ ಮಾರಿದ್ದರು.

ಯಲ್ಲಾಪುರದಲ್ಲಿ ಬಸ್ಸು ಬದಲಿಸಿ ಮುಂಡಗೋಡ ತಲುಪಲು ದಿನವೇ ಹಿಡಿಯಿತು. ಮರುದಿನ ಬೆಳಿಗ್ಗೆ ಅತ್ತಿವೇರಿಯ ಕೆರೆಯ ತುಂಬ ಬಿಳಿ ಹಕ್ಕಿಗಳಿದ್ದವು. ನೋಡುವ ಮನಸ್ಸಿರಲಿಲ್ಲ. ವೀರಭದ್ರಪ್ಪನವರು ಮೊದಲು ರೊಟ್ಟಿ, ಝುಣಕ, ಆಮೇಲೆ ಬಂದೂಕು ಎಂದು ಹಟ ಹಿಡಿದರು. ಉಂಡೆವು. ಅವರ ಬಂದೂಕಿನ ಹಿಡಿಕೆ ಹಳೆಯ ಮನೆಯ ಹೊಸ್ತಿಲಿನಂತೆ ಕೆಂಪು ಹಳದಿ ಪದರು ಕಟ್ಟಿತ್ತು. ಬಿಳಿ ಅರಿವೆ ತೂರಿಸಿದರೆ ಅದೂ ಕೆಂಪಾಗಿಯೇ ಬಂತು. ಗೇಜನ್ನು ದೇಶಮುಖರ ಕೈಗೆ ಕೊಟ್ಟು ನೀವೇ ಹಾಕಿ ಎಂದೆ. ಹಾಕಿದರು. ಬೋಲ್ಟು ಒಂದು ಬೆರಳಿಗೆ ಮುಚ್ಚಿಕೊಂಡಿತು. ಮಲ್ಲಪ್ಪನದಕ್ಕೂ ಇನಾಸನದಕ್ಕೂ ಮತ್ತೆ ಹಾಕಿಸಿದೆ. ಅಂಗೈ ಕೆಂಪಾಗುವಂತೆ ಒತ್ತಿದರು, ಮುಚ್ಚಲಿಲ್ಲ.

ಸಾಹೇಬರ ದನಿ ತಗ್ಗಿತು. ಈ ಚೇಂಬರುಗಳನ್ನು ನಿಮ್ಮ ಅಂಗಡಿಯಲ್ಲೇ ಸದ್ದಿಲ್ಲದೆ ಕೊರೆದು ಸರಿ ಮಾಡಿಸೋಣ, ಯಾರಿಗೂ ಏನೂ ಹೇಳುವುದು ಬೇಡ, ಏಜೆನ್ಸಿ ನಿಮ್ಮದೇ ಎಂದರು.

"ಚೇಂಬರ್ ಕೊರೀಬಹುದು ಸಾಹೇಬ್ರ," ಎಂದೆ. "ತೇರಗಾಂವದಾಗ ಹತ್ತು ಮಂದಿ ಮುಂದ ಆಡಿದ ಮಾತು ಯಾವ ಅರದಲೆ ತಿಕ್ತೀರಿ?"

ತೇರಗಾಂವಕ್ಕೆ ಬಂದು ಅವರ ಮುಂದೆಯೇ ನಿಜ ಹೇಳಿ ಎಂದೆ. ಬರುವುದಿಲ್ಲ ಎಂದು ಕೊಸರಾಡಿದರು. ಬರದಿದ್ದರೆ ಇದೇ ಎರಡು ಬಂದೂಕು, ಇದೇ ಗೇಜು ಹಿಡಿದು ಈ ಸೀಮೆಯ ಪ್ರತಿ ಬಂದೂಕಿನಂಗಡಿಯ ಮೆಟ್ಟಿಲು ಹತ್ತುತ್ತೇನೆ ಎಂದೆ. ಸುಮ್ಮನೆ ಹೇಳಿದ್ದಲ್ಲ. ಅವರಿಗೂ ಅದು ಗೊತ್ತಾಗಿರಬೇಕು, ಕಲಘಟಗಿ ಮೇಲೆ ಹಳಿಯಾಳಕ್ಕೆ ಹೋಗುವ ಬಸ್ಸಿಗೆ ನನ್ನ ಹಿಂದೆಯೇ ಹತ್ತಿದರು. ಏಜೆನ್ಸಿ ಆ ತಿಂಗಳೇ ಹೋಯಿತು. ಹೋದರೆ ಹೋಗಲಿ ಎಂದು ಅವತ್ತೇ ನಿರ್ಧರಿಸಿದ್ದೆ.

ತೇರಗಾಂವದಲ್ಲಿ ಗಂಗವ್ವ ಅಂಗಳ ಸಾರಿಸುತ್ತಿದ್ದಳು. ವಿಷಯ ಹೇಳಿದೆ. ಅವಳು ಕೈ ತೊಳೆದುಕೊಂಡು, ಸಾಹೇಬರನ್ನು ಅಲ್ಲೇ ನಿಲ್ಲಲು ಹೇಳಿ, ಓಣಿಯ ಮನೆಮನೆಗೂ ಹೋದಳು. ಅವತ್ತು ಕೇಳಿದವರು ಎಲ್ಲರೂ ಬರಬೇಕು ಎಂದಳಂತೆ. ಅತ್ತೆ ಬಾಗಿಲಲ್ಲಿ ನಿಂತಳು. ಮಲ್ಲಪ್ಪ ಹೊರಸಿನ ಮೇಲೆ ಎದ್ದು ಕೂತ. ದೇಶಮುಖರು ನೆಲ ನೋಡುತ್ತ, ಚೇಂಬರ್ ಗಿಡ್ಡ ಇತ್ತು, ತಪ್ಪು ಕಂಪನಿಯದು, ಈ ತಂಗಿಯ ಪೂಜೆಯಿಂದ ಏನೂ ಆಗಿಲ್ಲ ಎಂದರು.

ಗಂಗವ್ವ ಅವರತ್ತ ತಿರುಗಿಯೂ ನೋಡಲಿಲ್ಲ. ಗಂಡನ ಎದುರಿಗೆ ಹೋಗಿ ನಿಂತಳು.

"ಕೇಳಿಸ್ತೇನ್ರಿ?"

ಮಲ್ಲಪ್ಪ ಪಟ್ಟಿಯನ್ನು ಮುಟ್ಟಿಕೊಳ್ಳುತ್ತ, ಕೇಳಿಸಿತು ಎಂದು ಗೊಣಗಿದ.

"ಜೋರ ಹೇಳ್ರಿ. ನಿಮ್ಮವ್ವಗ ಕೇಳಬೇಕು."

ಸುಟ್ಟ ಕೆನ್ನೆಗೆ ಕೈ ಹಿಡಿದುಕೊಂಡು ಅವನು ಬಾಯಿ ಅಗಲಿಸಿದ. ಕೇಳಿಸಿತು, ತಪ್ಪು ನಿನ್ನದಲ್ಲ ಎಂದು ಇಡೀ ಓಣಿಗೆ ಕೇಳುವ ಹಾಗೆ ಹೇಳಿದ.