‘ಸಂ’ ಇಲ್ಲದ ಸಂಕ್ರಾಂತಿ

ರಾಜಾಜಿನಗರದ ಆ ಕಾಲದ ಅರ್ಧ ಮದುವೆಗಳು ನನ್ನ ಕೈಯಿಂದಲೇ ಆಗಿವೆ. ಹುಡುಗಿ ತೋರಿಸಿದವನಲ್ಲ ನಾನು, ಲಗ್ನಪತ್ರಿಕೆಗೆ ಮೊಳೆ ಜೋಡಿಸಿದವನು. ಮೊಳೆ ಎಂದರೆ ಗೋಡೆಗೆ ಹೊಡೆಯುವುದಲ್ಲ, ಸೀಸದ ಅಚ್ಚುಮೊಳೆ. ಒಂದೊಂದರ ತಲೆಯ ಮೇಲೆ ಒಂದೊಂದು ಅಕ್ಷರ, ಅದೂ ತಿರುಗುಮುರುಗಾಗಿ. ಆ ಪ್ರೆಸ್ಸಿನಲ್ಲಿ ನನ್ನಷ್ಟು ಚುರುಕಾಗಿ ಜೋಡಿಸುವವರು ಇರಲಿಲ್ಲ. ಇದನ್ನು ನಾನೇ ಹೇಳಬೇಕು, ಏಕೆಂದರೆ ಹೇಳಬೇಕಾದ ಮಾಲೀಕರು ತೀರಿಕೊಂಡಿದ್ದಾರೆ. ಬದುಕಿದ್ದಾಗಲೂ ಅವರು ಹೇಳಲಿಲ್ಲ, ಆ ಮಾತು ಬೇರೆ.

ನನ್ನ ತುಂಟತನವೆಲ್ಲ ಪ್ರೂಫಿನಲ್ಲಿ. ಗಿರಾಕಿಗೆ ತೋರಿಸುವ ಮೊದಲ ಪ್ರತಿಯಲ್ಲಿ ಒಂದೆರಡು ಮೊಳೆ ಆಚೀಚೆ ಮಾಡಿ, ಅವರ ಮುಖ ನೋಡಿ, ಮತ್ತೆ ಸರಿಪಡಿಸುವುದು. ಒಬ್ಬ ಹೆಡ್‌ಮಾಸ್ತರರ ಮಗಳ ಮದುವೆಯ ಪತ್ರಿಕೆಯಲ್ಲಿ ‘ಆಶೀರ್ವಾದವೇ ಉಡುಗೊರೆ’ ಎಂಬುದನ್ನು ‘ಉಡುಗೊರೆಯೇ ಆಶೀರ್ವಾದ’ ಮಾಡಿದ್ದೆ. ಮಾಸ್ತರು ಎರಡು ಸಲ ಓದಿ, ಕನ್ನಡಕ ಒರೆಸಿಕೊಂಡು, ಮೂರನೇ ಸಲ ಓದಿ, “ಇದೇ ಇರ್ಲಿ ಬಿಡಪ್ಪ” ಎಂದರು.

ಇಂಥ ನಾನು ಒಮ್ಮೆ ಮೂರು ದಿನ ಅನ್ನ ಸೇರದೆ ನಡುಗಿದ್ದೇನೆ, ಎರಡು ಮೊಳೆಯ ದೆಸೆಯಿಂದ.

ನನ್ನ ಗೆಳೆಯನೊಬ್ಬನಿಗೆ ಫುಟ್‌ಬಾಲ್ ಹುಚ್ಚು. ಸರ್ಕಾರಿ ಕಾರ್ಖಾನೆಯೊಂದರಲ್ಲಿ ಗುಮಾಸ್ತ, ಇನ್ನೂ ಪ್ರೊಬೇಷನ್. ಪೊಲೀಸ್ ವೆರಿಫಿಕೇಷನ್ ಮುಗಿದರೆ ಮುಂದಿನ ತಿಂಗಳು ಕಾಯಂ. ಅಪ್ಪ ಇಲ್ಲ, ಕೆಳಗೆ ಮೂವರು ತಂಗಿಯರು. ಅವನು ಎಲ್ಲಿಯೋ ಒಂದು ಇಂಗ್ಲಿಷ್ ಮ್ಯಾಗಜೀನ್ ಓದಿ ಬಂದು ನಮ್ಮನ್ನೆಲ್ಲ ಕೂರಿಸಿಕೊಂಡ.

“ಅಮೆರಿಕದಲ್ಲಿ ಯಾವ್ದೋ ಒಂದ್ ಊರಂತೆ ಕಣ್ರೋ. ಅಲ್ಲಿ ಜನಕ್ಕೆ ಫುಟ್‌ಬಾಲ್ ಅಂದ್ರೇನು ಅಂತ್ಲೇ ಗೊತ್ತಿಲ್ಲ. ಅಂಥ ಕಡೆ ಹೊಸದಾಗಿ ಕ್ಲಬ್ ಶುರು ಮಾಡಿದಾರೆ. ಬ್ಯಾಂಡು, ಬಾವುಟ, ಆಟಗಾರರಿಗೆ ಸಂಬಳ! ನಮ್ಗೇನ್ ರೋಗ?”

“ಸಂಬಳ ಯಾರ್ ಕೊಡ್ತಾರೆ ಗುರು?” ಎಂದೆ ನಾನು.

“ಆಡ್ದೋರಿಗೆ ಮಸಾಲೆ ದೋಸೆ. ಗೋಲ್ ಹೊಡ್ದೋರಿಗೆ ಜೊತೇಲಿ ಕಾಫಿ. ಇದು ಪ್ರೊಫೆಷನಲ್ ಕ್ಲಬ್ ಕಣೋ, ತಮಾಷೆ ಅಲ್ಲ.”

ಹೀಗೆ ರಾಜಾಜಿನಗರದಲ್ಲಿ ವೃತ್ತಿಪರ ಫುಟ್‌ಬಾಲ್ ಹುಟ್ಟಿತು. ಬನಿಯನ್‌ಗಳನ್ನು ಹಂಡೆಯಲ್ಲಿ ಹಾಕಿ ಹಸಿರು ಬಣ್ಣ ಕಟ್ಟಿದೆವು. ಸರ್ವೆ ಮರದ ಗಳಗಳು ಗೋಲ್‌ಪೋಸ್ಟ್ ಆದವು. ಮೊದಲ ಪಂದ್ಯಕ್ಕೆ, ಹದಿನೈದು ವರ್ಷದಿಂದ ಅದೇ ಮೈದಾನದಲ್ಲಿ ಆಡುತ್ತಿದ್ದ ತಂಡವೊಂದನ್ನು ಕರೆದೆವು. ಎಲ್ಲರೂ ಅವರನ್ನು ‘ಹಳಬರು’ ಎನ್ನುತ್ತಿದ್ದರು. ಉದ್ಘಾಟನೆ ಸಂಕ್ರಾಂತಿಯ ದಿನ. ಗೆಳೆಯನೇ ಕಾರ್ಯದರ್ಶಿ, ಕರಪತ್ರವನ್ನೂ ಅವನೇ ಬರೆದ:

‘ಸಂಕ್ರಾಂತಿಯ ದಿನ ಬೆಳಿಗ್ಗೆ ಹತ್ತಕ್ಕೆ, ಯುವಕರೇ, ಎಲ್ಲರೂ ಮೈದಾನಕ್ಕೆ ಬನ್ನಿ! ಹಳಬರ ಆಟ ಮುಗಿಯಿತು. ಇನ್ನು ಹೊಸಬರ ಆಟ!’

ಅಡಿಯಲ್ಲಿ ಅವನ ಹೆಸರು, ಮನೆಯ ವಿಳಾಸ. ಅದರಡಿ ಸಣ್ಣ ಮೊಳೆಯಲ್ಲಿ ನಮ್ಮ ಪ್ರೆಸ್ಸು.

ಶನಿವಾರ ಮಧ್ಯಾಹ್ನ ಜೋಡಿಸಿ ಮುಗಿಸಿದೆ. ಸಂಜೆ ಐದಕ್ಕೆ ಅವನು ಪ್ರೂಫ್ ನೋಡಲು ಬರುವವನಿದ್ದ. ಕೈ ಸುಮ್ಮನಿರಬೇಕಲ್ಲ! ಮೊದಲನೇ ಪದದಿಂದ ‘ಸ’ ಒಂದು, ಪಕ್ಕದ ಸೊನ್ನೆ ಒಂದು, ಎರಡು ಮೊಳೆ ಕಿತ್ತು ಜೇಬಿಗೆ ಹಾಕಿಕೊಂಡೆ. ಆ ಜಾಗದಲ್ಲಿ ಅಕ್ಷರವಿಲ್ಲದ ಖಾಲಿ ಮೊಳೆ ತುರುಕಿದೆ. ಈಗ ಓದಿ ನೋಡಿ: ‘ಕ್ರಾಂತಿಯ ದಿನ ಬೆಳಿಗ್ಗೆ ಹತ್ತಕ್ಕೆ, ಯುವಕರೇ, ಎಲ್ಲರೂ ಮೈದಾನಕ್ಕೆ ಬನ್ನಿ! ಹಳಬರ ಆಟ ಮುಗಿಯಿತು.’

ಅದು ತುರ್ತುಪರಿಸ್ಥಿತಿಯ ಮೊದಲ ಸಂಕ್ರಾಂತಿ. ನಮ್ಮ ಹಿಂದಿನ ಬೀದಿಯ ಕಾಲೇಜು ಹುಡುಗನೊಬ್ಬ ಗೋಡೆಗೆ ಪೋಸ್ಟರ್ ಅಂಟಿಸಿದನೆಂದು ವ್ಯಾನು ಹತ್ತಿಸಿಕೊಂಡು ಹೋಗಿ ಎರಡು ತಿಂಗಳಾಗಿತ್ತು. ಅವನ ತಾಯಿ ದಿನಾ ಗೇಟಿನ ಹತ್ತಿರ ನಿಂತಿರುತ್ತಿದ್ದರು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಗೆಳೆಯನ ಮುಖ ಸಖತ್ತಾಗಿ ಬಿಳಿಚಿಕೊಳ್ಳುತ್ತದೆ ಎಂದುಕೊಂಡೆ. ಐದು ನಿಮಿಷದ ಆಟ, ಅಷ್ಟೇ.

ನಾಲ್ಕೂವರೆಗೆ ಮನೆಯಿಂದ ಸುದ್ದಿ ಬಂತು. ಅಮ್ಮ ಬಚ್ಚಲಲ್ಲಿ ಜಾರಿಬಿದ್ದು ಕೈ ಮುರಿದುಕೊಂಡಿದ್ದಾರೆ. ಎದ್ದೆನೋ ಬಿದ್ದೆನೋ ಎಂದು ಓಡಿದೆ. ಆಸ್ಪತ್ರೆ, ಎಕ್ಸ್‌ರೇ, ಪ್ಲಾಸ್ಟರ್ ಕಟ್ಟು ಎಂದು ಭಾನುವಾರವೂ ಕಳೆಯಿತು. ಮೊಳೆ, ಪ್ರೂಫು, ಫುಟ್‌ಬಾಲು ಯಾವುದೂ ತಲೆಯಲ್ಲಿರಲಿಲ್ಲ.

ಸೋಮವಾರ ಬೆಳಿಗ್ಗೆ ಪ್ರೆಸ್ಸಿಗೆ ಹೊರಟು ಬಸ್‌ಸ್ಟಾಪಿನಲ್ಲಿ ನಿಂತಿದ್ದೆ. ಬೀಡಿ ಹಚ್ಚೋಣವೆಂದು ಜೇಬಿಗೆ ಕೈ ಹಾಕಿದರೆ ಬೆರಳಿಗೆ ತಣ್ಣಗೆ ಏನೋ ತಾಗಿತು. ಹೊರಗೆ ತೆಗೆದೆ. ಒಂದು ‘ಸ’. ಒಂದು ಸೊನ್ನೆ. ತಲೆಯೆತ್ತಿದರೆ ಎದುರಿನ ಕಂಬದ ಮೇಲೆ, ಮೈದಾಹಿಟ್ಟಿನ ಅಂಟು ಇನ್ನೂ ಒಣಗದ ಕರಪತ್ರ. ‘ಕ್ರಾಂತಿಯ ದಿನ.’

ಪ್ರೆಸ್ಸಿಗೆ ಓಡಿದೆ.

“ಯಾರಣ್ಣ ಇದನ್ನ ಮಷಿನ್‌ಗೆ ಹಾಕಿದ್ದು?” ಎಂದು ಅಚ್ಚಿನ ಮಷಿನ್ ತುಳಿಯುವವರನ್ನು ಕೇಳಿದೆ.

“ನಾನೇ. ನಿನ್ ದೋಸ್ತ್ ಬಂದಿದ್ದ. ಪ್ರೂಫ್ ನೋಡ್ತೀಯೇನಪ್ಪ ಅಂದೆ. ‘ಅವ್ನು ಜೋಡ್ಸಿದ್ಮೇಲೆ ನೋಡೋದೇನಿದೆ, ಹಾಕ್ಬಿಡಿ ಅಣ್ಣ’ ಅಂದ. ಯಾಕೆ, ಏನಾಯ್ತು?”

“ಏನಿಲ್ಲ” ಎಂದೆ. ಜೇಬಿನ ಮೇಲೆ ಕೈ ಮುಚ್ಚಿಕೊಂಡೆ.

ನಮ್ಮ ಹುಡುಗರು ಭಾನುವಾರವಿಡೀ ಸೈಕಲ್ ತುಳಿದು ಮಹಾಲಕ್ಷ್ಮಿ ಲೇಔಟಿನಿಂದ ವಿಜಯನಗರದವರೆಗೆ ಕಂಬ ಕಂಬಕ್ಕೂ ಅಂಟಿಸಿದ್ದರು. ಒಬ್ಬನಿಗೂ ತಪ್ಪು ಕಂಡಿರಲಿಲ್ಲ. ಎಳ್ಳು ಹುರಿಯುವ ವಾಸನೆ ಮನೆಮನೆಯಿಂದ ಬರುತ್ತಿರುವಾಗ ‘ಕ್ರಾಂತಿ’ ಎಂದಿದ್ದರೂ ಕಣ್ಣು ‘ಸಂಕ್ರಾಂತಿ’ ಎಂದೇ ಓದುತ್ತದೆ. ಇದ್ದದ್ದನ್ನು ಇದ್ದಂತೆ ಓದುವವರು ಇಬ್ಬರೇ. ಮೊಳೆ ಜೋಡಿಸುವ ಕಂಪೋಸಿಟರ್ ಮತ್ತು ಪೊಲೀಸ್.

ಗೆಳೆಯನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಅವನ ತಂಗಿಯರು ಬನಿಯನ್ನುಗಳಿಗೆ ನಂಬರು ಹೊಲಿಯುತ್ತ ಕುಳಿತಿದ್ದರು. ಬಾಗಿಲವರೆಗೆ ಹೋಗಿ ವಾಪಸು ಬಂದೆ.

ಮಂಗಳವಾರ ಸಂಜೆ ಒಂದು ಕಪ್ಪು ಇಂಕಿನ ಪೆನ್ನು ತೆಗೆದುಕೊಂಡು ಸೈಕಲ್ ಹತ್ತಿದೆ. ಕಂಬ ಕಂಬದ ಹತ್ತಿರ ಇಳಿದು, ಆಚೀಚೆ ನೋಡಿ, ಖಾಲಿ ಜಾಗದಲ್ಲಿ ‘ಸಂ’ ಬರೆಯುವುದು. ಅವಸರದಲ್ಲಿ ಕೆಲವು ‘ಸ’ಗಳು ಹಲ್ಲಿಯ ಹಾಗೆ ಕಂಡವು. ವಿಜಯನಗರದ ಮಾರ್ಕೆಟ್ಟಿನ ತಿರುವಿನಲ್ಲಿ ಸೊನ್ನೆ ಸುತ್ತುತ್ತಿದ್ದೆ, ಹೆಗಲ ಮೇಲೆ ಒಂದು ಕೈ ಬಿತ್ತು.

“ಏನೋ ಅದು ಗೀಚ್ತಾ ಇರೋದು?”

ಪೇದೆ. ಕೈಯಲ್ಲಿ ಕಬ್ಬಿನ ಜಲ್ಲೆ, ಮನೆಗೆ ಹೊರಟಿದ್ದರೆಂದು ಕಾಣುತ್ತದೆ.

“ಸಂ ಸಾರ್.”

“ಸಮ್ಮಾ? ಯಾವ್ ಸಮ್ಮೋ?”

“ಬಿಟ್ಟೋಗಿತ್ತು ಸಾರ್. ಅಕ್ಷರ. ಸೇರಿಸ್ತಾ ಇದ್ದೆ.”

ಅವರು ಕಂಬದ ಹತ್ತಿರ ಮುಖ ತಂದು, ನಾನು ಬರೆದ ‘ಸಂ’ ಮೇಲೆ ಹೆಬ್ಬೆರಳಿಟ್ಟು ಉಳಿದದ್ದನ್ನು ನಿಧಾನವಾಗಿ ಓದಿದರು. ಹೆಬ್ಬೆರಳು ತೆಗೆದು ಇನ್ನೊಮ್ಮೆ ಓದಿದರು. ಅಲ್ಲಿಯವರೆಗೆ ಅವರಿಗೆ ಅದು ಹಬ್ಬದ ನೋಟೀಸಾಗಿತ್ತು. ಪೊಲೀಸಿಗೆ ಕ್ರಾಂತಿಯನ್ನು ತೋರಿಸಿಕೊಟ್ಟವನು ನಾನೇ! ಪಕ್ಕದ ಕಂಬದಿಂದ ‘ಸಂ’ ಇಲ್ಲದ ಕರಪತ್ರವೊಂದನ್ನು ನಾಜೂಕಾಗಿ ಕಿತ್ತು, ಮಡಿಚಿ, ಟೋಪಿಯೊಳಗಿಟ್ಟುಕೊಂಡರು.

“ನಡಿ ಮನೆಗೆ” ಎಂದರು. ಅಷ್ಟೇ. ಬೈದಿದ್ದರೂ, ಎರಡು ಬಿಟ್ಟಿದ್ದರೂ ಸಮಾಧಾನವಾಗುತ್ತಿತ್ತು.

ಹಬ್ಬದ ಬೆಳಿಗ್ಗೆ ನನ್ನ ಹಸಿರು ಬನಿಯನ್ ತೊಟ್ಟು ಮೈದಾನಕ್ಕೆ ಹೋದೆ. ಹೋಗದೆ ಓಡಿಹೋಗುವ ಯೋಚನೆಯೂ ಬಂದಿತ್ತು, ಸುಳ್ಳೇಕೆ ಹೇಳಲಿ. ಸುಣ್ಣದ ಗೆರೆ ಎಳೆದಾಗಿತ್ತು. ಜನ ನಾವು ಎಣಿಸಿದ್ದಕ್ಕಿಂತ ಹೆಚ್ಚೇ ಬಂದಿದ್ದರು. ಹತ್ತಕ್ಕೆ ಸರಿಯಾಗಿ ಜೀಪು ಬಂತು. ಸಬ್‌ಇನ್‌ಸ್ಪೆಕ್ಟರು ಇಳಿದರು, ಹಿಂದೆ ನಿನ್ನೆಯ ಪೇದೆ.

ಗೆಳೆಯನ ಸಂಭ್ರಮ ಹೇಳತೀರದು. “ನೋಡ್ದೇನೋ, ಎಸ್ಸೈ ಸಾಹೇಬ್ರೇ ಬಂದ್ರು!” ಎಂದು ನನ್ನ ಬೆನ್ನಿಗೆ ಗುದ್ದಿ ಓಡಿದ. ಕುರ್ಚಿ ಹಾಕಿಸಿದ. ತಂಗಿಯ ಕೈಯಿಂದ ಎಳ್ಳುಬೆಲ್ಲ, ಸಕ್ಕರೆ ಅಚ್ಚು ಕೊಡಿಸಿದ. ಸಾಹೇಬರು ಒಂದು ಚಿಟಿಕೆ ಎಳ್ಳು ಬಾಯಿಗೆ ಹಾಕಿಕೊಂಡು ಜೇಬಿನಿಂದ ಕರಪತ್ರ ತೆಗೆದರು.

“ಇದು ನಿಮ್ದೇನಾ?”

“ನಮ್ದೇ ಸಾರ್!”

“ಓದಿ. ಜೋರಾಗಿ.”

“ಸಂಕ್ರಾಂತಿಯ ದಿನ…”

“ಇರೋದನ್ನ ಓದ್ರೀ.”

ಗೆಳೆಯ ನೋಡಿದ. ನಾನು ಶನಿವಾರ ನೋಡಬೇಕೆಂದಿದ್ದ ಮುಖ ಅದೇ. ರಕ್ತವೆಲ್ಲ ಇಳಿದುಹೋಯಿತು. ಒಮ್ಮೆ ನನ್ನ ಕಡೆ ತಿರುಗಿದ. ಅಷ್ಟರಲ್ಲಿ ಅವನಿಗೆ ಎಲ್ಲ ಅರ್ಥವಾಗಿತ್ತು. ನನ್ನನ್ನು ಹದಿನೈದು ವರ್ಷದಿಂದ ಬಲ್ಲವನು.

“ತಪ್ಪು ನಂದೇ ಸಾರ್” ಎಂದ. “ಪ್ರೂಫ್ ನಾನೇ ನೋಡಿದ್ದು.”

“ಎಲ್ಲಿ ಕೆಲ್ಸ?”

ಅವನು ಕಾರ್ಖಾನೆಯ ಹೆಸರು ಹೇಳಿದ. ಸಾಹೇಬರು ಪೇದೆಯ ಕಡೆ ನೋಡಿದರು. ಪೇದೆ ಸಣ್ಣ ಪುಸ್ತಕ ತೆಗೆದರು. ನನ್ನ ಕಾಲು ನನ್ನದಲ್ಲದಂತೆ ಮುಂದೆ ಹೋಯಿತು.

“ಅವ್ನು ಪ್ರೂಫೇ ನೋಡಿಲ್ಲ ಸಾರ್. ಅಕ್ಷರ ನನ್ ಹತ್ರ ಇದೆ.”

ಎರಡು ಮೊಳೆ ಅಂಗೈಯಲ್ಲಿಟ್ಟು ಚಾಚಿದೆ. ತಿರುಗುಮುರುಗು ಅಕ್ಷರ, ಸಾಹೇಬರಿಗೆ ಏನೂ ತಿಳಿಯಲಿಲ್ಲ. ಪೇದೆಯ ಪೆನ್ನಿನಿಂದ ಮೊಳೆಯ ತಲೆಗೆ ಇಂಕು ಹಚ್ಚಿ, ಕರಪತ್ರವನ್ನು ಕುರ್ಚಿಯ ಕೈಮೇಲೆ ಹಾಸಿ, ಖಾಲಿ ಜಾಗದಲ್ಲಿ ಒಂದಾದ ಮೇಲೊಂದು ಒತ್ತಿದೆ. ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ. ಪೊಲೀಸರ ಮುಂದೆ ನಿಂತು ಅಂಥ ಕೆಲಸ ಬೇರೆ ಯಾವ ಕಂಪೋಸಿಟರೂ ಮಾಡಲಾರ, ಬೇಕಾದರೆ ಪಣ ಕಟ್ಟುತ್ತೇನೆ.

ಸಾಹೇಬರು ಕರಪತ್ರ ಎತ್ತಿ ಬೆಳಕಿಗೆ ಹಿಡಿದರು. “ಅಂದ್ರೆ ಬಿದ್ದೋಗಿದ್ದಲ್ಲ. ಬೇಕೂಂತ್ಲೇ ಕಿತ್ತಿದ್ದೀಯ.”

ಮೊಳೆ ತೋರಿಸಿದರೆ ಅದೇ ಸಾಕ್ಷಿಯಾಗುತ್ತದೆ ಎಂದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ!

“ತಮಾಷೆಗೆ ಸಾರ್.”

“ತಮಾಷೆಗೆ ಇದೇನಾ ಕಾಲ? ಜೀಪಲ್ಲಿ ಕೂತ್ಕೋ.”

ಕುಳಿತೆ. ಜೀಪಿನ ಟಾರ್ಪಾಲು ಮುಚ್ಚಿತ್ತು. ಹೊರಗೆ ಸೀಟಿ ಊದಿದರು, ಪಂದ್ಯ ಶುರುವಾಯಿತು. ಜನ ಕೂಗಿದಾಗಲೆಲ್ಲ ಯಾರು ಗೋಲ್ ಹೊಡೆದರೆಂದು ಗೊತ್ತಾಗುತ್ತಿರಲಿಲ್ಲ. ಹಿಂದಿನ ಬೀದಿಯ ತಾಯಿ ಗೇಟಿನಲ್ಲಿ ನಿಂತಿರುವುದು ಕಣ್ಣಿಗೆ ಕಟ್ಟುತ್ತಿತ್ತು, ಅವರ ಪಕ್ಕದಲ್ಲಿ ಕೈಗೆ ಕಟ್ಟು ಹಾಕಿಕೊಂಡ ನನ್ನ ಅಮ್ಮ. ಹಲ್ಲು ಕಟಕಟ ಎನ್ನುತ್ತಿದ್ದುದನ್ನು ನಿಲ್ಲಿಸಲು ಬನಿಯನ್ನಿನ ಅಂಚು ಕಚ್ಚಿಕೊಂಡೆ. ಹಸಿರು ಬಣ್ಣ ಬಾಯಿಗೆಲ್ಲ ಬಂತು.

ಪಂದ್ಯ ಮುಗಿದ ಮೇಲೆ ಪೇದೆ ಟಾರ್ಪಾಲು ಸರಿಸಿದರು. ಸಾಹೇಬರು ಹೊರಗೆ ನಿಂತು ನನ್ನ ಹಸಿರು ನಾಲಗೆ ನೋಡಿದರು. ನಗು ಬಂದಿತ್ತೋ ಏನೋ, ಮುಖ ಆಚೆ ತಿರುಗಿಸಿಕೊಂಡರು.

“ಕತ್ಲಾಗೋದ್ರೊಳಗೆ ಒಂದ್ ಕಂಬದ್ ಮೇಲೂ ಇದು ಇರಬಾರ್ದು. ಒಂದ್ ಸಿಕ್ಕಿದ್ರೂ ಇಬ್ರನ್ನೂ ಒಳಗ್ ಹಾಕ್ತೀನಿ. ಹೋಗು.”

ಮೊಳೆಗಳನ್ನು ವಾಪಸು ಕೊಡಲಿಲ್ಲ. ಕೇಳುವ ಧೈರ್ಯ ನನಗೂ ಇರಲಿಲ್ಲ.

ಗೆಳೆಯನೂ ನಾನೂ ಎರಡು ಬಕೆಟ್ ನೀರು, ಒಂದು ತೆಂಗಿನ ಚಿಪ್ಪು ಹಿಡಿದು ಕಂಬ ಕಂಬ ಕೆರೆದೆವು. ಅವನು ಯಾವಾಗಲೂ ನನಗಿಂತ ಒಂದು ಕಂಬ ಮುಂದಿದ್ದ. ವಿಜಯನಗರದ ಕೊನೆಯ ಕಂಬದ ಹತ್ತಿರ ನಾನೇ ಕೇಳಿದೆ.

“ಎಷ್ಟಾಯ್ತೋ ಮ್ಯಾಚು?”

“ನಾಲ್ಕು ಸೊನ್ನೆ.”

“ಯಾರ್ದು ಸೊನ್ನೆ?”

“ನಮ್ದೇ. ನಿನ್ ಜೇಬಲ್ಲಿತ್ತಲ್ಲ, ಅದೇ ಬಂತು” ಎಂದ. ನಗಲಿಲ್ಲ. ಆಮೇಲೆ ಒಂದು ತಿಂಗಳು ನನ್ನೊಂದಿಗೆ ಮಾತು ಬಿಟ್ಟ.

ಆ ತಿಂಗಳಿಡೀ ಅವನ ವೆರಿಫಿಕೇಷನ್ನಿನ ಕಾಗದ ಆ ಸಾಹೇಬರ ಸ್ಟೇಷನ್ನಿನಲ್ಲೇ ಇತ್ತು. ಜೀಪಿನ ಸದ್ದಾದರೆ ನಾನು ಪ್ರೆಸ್ಸಿನ ಕಾಗದದ ಕಟ್ಟುಗಳ ಹಿಂದೆ ಕೂರುತ್ತಿದ್ದೆ. ಒಂದು ಮಧ್ಯಾಹ್ನ ಅವನು ಸೀದಾ ಒಳಗೆ ಬಂದು, ನನ್ನ ಮುಂದೆ ಒಂದು ಟೈಪು ಮಾಡಿದ ಕಾಗದ ಇಟ್ಟ. ಕಾಯಂ ಆದ ಆದೇಶ.

“ಓದು” ಎಂದ. “ಒಂದೊಂದ್ ಅಕ್ಷರಾನೂ. ಏನಾದ್ರೂ ಬಿಟ್ಟೋಗಿದ್ಯಾ ನೋಡು.”

ಬೆರಳಿಟ್ಟು ಎರಡು ಸಲ ಓದಿದೆ. ಎಲ್ಲವೂ ಇತ್ತು. ಆದರೂ ಅವನು ಹೊರಡುವ ಮುನ್ನ ನನ್ನ ಅಂಗಿಯ ಜೇಬಿಗೆ ಕೈ ಹಾಕಿ ತಡಕಿ ನೋಡಿಯೇ ಹೋದ.