ಲ್ಯಾಪ್‌ಟಾಪಿನೊಳಗಿನ ನಾಗಸ್ವರ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಹತ್ತು ಬೆರಳೂ ಮರಗಟ್ಟಲಿ. ನೀಲಗಿರಿಯಲ್ಲಿ ನನ್ನಂಥ ಕೀಬೋರ್ಡ್ ವಾದಕ ಇನ್ನೊಬ್ಬನಿಲ್ಲ. ನಾನು ನುಡಿಸಿದರೆ ಟೀ ಗಿಡ ಎರಡೆಲೆ ಹೆಚ್ಚಿಗೆ ಚಿಗುರುತ್ತದೆ. ಅಂಥವನ ಮಾನ ಮಂಜೂರಿನ ಮದುವೆಯೊಂದರಲ್ಲಿ ಹೋಗುವುದರಲ್ಲಿತ್ತು. ಹಿರಿಯರು ಮೊದಲ ಹೆಜ್ಜೆ ಹಾಕದೆ ಅಲ್ಲಿ ಕುಣಿತ ಶುರುವಾಗುವುದಿಲ್ಲ. ನಾನು ಕೀಬೋರ್ಡಿನಲ್ಲೇ ನಾಗಸ್ವರದ ದನಿ ಹೊರಡಿಸುತ್ತಿದ್ದರೆ, ವರನ ಅಜ್ಜ ಜಪ್ಪಯ್ಯ ಅಂದರೂ ಕುರ್ಚಿ ಬಿಟ್ಟು ಏಳಲೊಲ್ಲರು.

"ಇದು ನಾಗಸ್ವರವಾ? ಘಾಟಿ ತಿರುವಲ್ಲಿ ಬಸ್ಸು ಹಾರನ್ ಹೊಡೆದಂಗಿದೆ!"

ಆಗ ವಧುವಿನ ಚಿಕ್ಕಮ್ಮ ಎದ್ದು ಬಂದಳು. ಟೀ ಫ್ಯಾಕ್ಟರಿಯಲ್ಲಿ ಯಂತ್ರ ರಿಪೇರಿ ಮಾಡುವವಳು. ತನ್ನ ಲ್ಯಾಪ್‌ಟಾಪ್ ತಂದು ನನ್ನ ಕೀಬೋರ್ಡಿಗೆ ಒಂದು ವೈರು ಚುಚ್ಚಿದಳು.

"ಮಾಮ, ತಾಳ ನಿಮ್ಮ ಪೆಟ್ಟಿಗೆಯದೇ ಇರಲಿ. ಕೀ ಒತ್ತೋದು ನೀವು, ದನಿ ಕೊಡೋದು ಇದರೊಳಗಿನ ಸಾಫ್ಟ್‌ವೇರು."

ಒತ್ತಿದೆ. ಊದುವವನ ಉಸಿರೂ ಕೇಳಿಸುವಂಥ ನಾಗಸ್ವರ! ನನಗೇ ಮೈ ಜುಮ್ಮೆಂದಿತು. ಅಜ್ಜ ಎದ್ದರು, ಅವರ ಹಿಂದೆ ಇಡೀ ಹಟ್ಟಿಯೇ ಎದ್ದು ಕುಣಿಯಿತು.

ಕುಣಿತ ಮುಗಿದ ಮೇಲೆ ಅಜ್ಜ ಹರಸಲು ಬಂದರು. ನಾನು ಟೋಪಿ ತೆಗೆದು ತಲೆಬಾಗಿ ನಿಂತೆ. ಅವರು ನನ್ನನ್ನು ದಾಟಿ ಹೋಗಿ ಅವಳ ತಲೆಯ ಮೇಲೆ ಕೈಯಿಟ್ಟರು.

"ಇವನಿಗೂ ಸ್ವಲ್ಪ ಕಲಿಸವ್ವ."

ನ್ಯಾಯವಾದ ಮಾತೇ. ಆದರೆ ಒಂದು ಸಣ್ಣ ವಿಷಯ ನಾನು ಕಟ್ಟಿ ಹೇಳಿದ್ದು: ಅಜ್ಜ 'ಸ್ವಲ್ಪ' ಅನ್ನಲಿಲ್ಲ, 'ಮೊದಲಿಂದ' ಅಂದರು.