ಮಾವನವರ ಮೋಟಾರಿಗೆ ಕಮಾನು ಏರಿಸಿದ್ದು

ಮೊನ್ನೆ ಕಣ್ಣು ತೋರಿಸಿಕೊಂಡು ಬರೋಣವೆಂದು ಮೊಮ್ಮಗನ ಜೊತೆ ಚಿಕ್ಕಬಳ್ಳಾಪುರಕ್ಕೆ ಹೋಗಿದ್ದೆ. ದಾರಿಯಲ್ಲಿ ಅವನು ಒಂದು ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿ, "ಐದೇ ನಿಮಿಷ ಅಜ್ಜಿ" ಎಂದು ಇಳಿದು ಹೋದ. ಗಂಡಸರು ಗ್ಯಾರೇಜಿನಲ್ಲಿ ಹೇಳುವ ಐದು ನಿಮಿಷ ಎಷ್ಟು ಉದ್ದವೆಂದು ನಿಮಗೂ ಗೊತ್ತಿರುತ್ತದೆ. ಕಿಟಕಿ ಇಳಿಸಿದೆ. ಗ್ರೀಸು, ಸುಟ್ಟ ಎಣ್ಣೆ, ಸುತ್ತಿಗೆ ಏಟು ತಿಂದ ಕಬ್ಬಿಣ, ಮೂರೂ ಸೇರಿದ ವಾಸನೆ ಒಳಗೆ ನುಗ್ಗಿತು. ಬೇರೆ ಮುದುಕಿಯರಿಗೆ ಮಲ್ಲಿಗೆ, ಸಂಪಿಗೆಯ ವಾಸನೆಗೆ ಹಳೆಯದು ನೆನಪಾಗುತ್ತದಂತೆ. ನನಗೆ ಗ್ರೀಸಿನ ವಾಸನೆ ಬಂದರೆ ಸಾಕು, ಸಾದಲಿಯ ಹತ್ತಿರದ ನಮ್ಮ ಮನೆಯ ನಡುಬಾಗಿಲ ಹಿಂದೆ, ಹತ್ತೊಂಬತ್ತು ವರ್ಷದ ಹುಡುಗಿಯಾಗಿ ನಿಂತುಬಿಡುತ್ತೇನೆ.

ಬಾಗಿಲ ಹಿಂದೆ ಏಕೆ ಎಂದು ಕೇಳುತ್ತೀರಿ. ನಾನು ಚಿಂತಾಮಣಿ ಕಡೆಯವಳು, ಅಂಬಾಜಿದುರ್ಗದ ಬುಡದ ಹಳ್ಳಿ ನನ್ನ ತವರು. ಅಲ್ಲಿ ನನ್ನ ಬಾಯಿಗೆ ಬೀಗವಿರಲಿಲ್ಲ. ಸೇರಿದ ಮನೆಯಲ್ಲಿ ಮಾತ್ರ ಸೊಸೆಯಾದವಳು ಮಾವನ ಎದುರು ನಿಂತು ಮಾತಾಡುವಂತಿರಲಿಲ್ಲ. ಹೇಳಬೇಕಾದ್ದನ್ನು ಬಾಗಿಲ ಮರೆಯಿಂದ ಅತ್ತೆಗೆ ಹೇಳಬೇಕು. ಎರಡು ಮಾರು ದೂರದಲ್ಲಿ ಕೂತು ಆಗಲೇ ಎಲ್ಲವನ್ನೂ ಕೇಳಿಸಿಕೊಂಡಿರುವ ಮಾವನಿಗೆ ಅತ್ತೆ ಅದನ್ನೇ ಇನ್ನೊಂದು ಸಲ ಹೇಳಬೇಕು. ಅವರ ಉತ್ತರವೂ ಅದೇ ದಾರಿಯಲ್ಲಿ ಸುತ್ತಿಕೊಂಡು ಬರುತ್ತಿತ್ತು. "ಸಾರಿಗೆ ಉಪ್ಪು ಜಾಸ್ತಿ ಆಯ್ತಂತೆ ಕಣೇ" ಎಂದು ಅತ್ತೆ ನನಗೆ ತಿಳಿಸುವಷ್ಟರಲ್ಲಿ ನಾನು ನಾಚಿಕೆಪಟ್ಟು ಮುಗಿದಿರುತ್ತಿತ್ತು. ಎರಡು ವರ್ಷ ಹೀಗೇ ಸಂಸಾರ ನಡೆಯಿತು, ಚೆನ್ನಾಗಿಯೇ ನಡೆಯಿತು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಯುದ್ಧದಲ್ಲಿ ಓಡಾಡಿದ ಮಿಲಿಟರಿ ವಾಹನಗಳನ್ನು ಡಿಸ್ಪೋಸಲ್ ಎಂದು ಬೆಂಗಳೂರಿನಲ್ಲಿ ಹರಾಜು ಹಾಕುತ್ತಿದ್ದರು. ಮಾವನವರು ಅಂಥದೊಂದನ್ನು ಕೊಂಡರು: ಮುಂದೆ ಇಬ್ಬರು ಕೂರುವ ಸೀಟು, ಹಿಂದೆ ತೆರೆದ ತೊಟ್ಟಿ. ಬೇರೆ ಮೋಟಾರುಗಳಲ್ಲಿ ಹಿಂದಿನ ಎರಡು ಚಕ್ರ ಮಾತ್ರ ಎಳೆಯುತ್ತವೆ, ನಮ್ಮದರಲ್ಲಿ ನಾಲ್ಕೂ ಎಳೆಯುತ್ತವೆ ಎಂದು ಅದು ಬರುವ ಮೊದಲೇ ಊರಿಗೆಲ್ಲ ಸಾರಿ ಆಗಿತ್ತು. ಬರುವ ದಿನ ಊರ ಹೊರಗಿನ ಹಳ್ಳ ದಾಟುವಾಗ ಅದರ ಹೊಟ್ಟೆ ಬಂಡೆಗೆ ತಾಗಿ ಕೂತುಬಿಟ್ಟಿತು. ನಾಲ್ಕೂ ಚಕ್ರ ತಿರುಗಿದ್ದೇ ತಿರುಗಿದ್ದು, ಮೋಟಾರು ಅಲ್ಲಾಡಲಿಲ್ಲ. ಕೊನೆಗೆ ಆ ನಾಲ್ಕು ಚಕ್ರದ ಶೂರನನ್ನು ನಮ್ಮ ಎರಡು ಎತ್ತು ಎಳೆದು ತಂದು ಮನೆ ಮುಂದೆ ನಿಲ್ಲಿಸಿದವು. ಆರತಿ ಎತ್ತಲು ನಿಂತಿದ್ದ ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದೆ.

ನಗು ಎರಡೇ ದಿನದಲ್ಲಿ ಇಳಿಯಿತು. ಒಳಗೆ ಬಿದಿರಿನ ಚಂದ್ರಿಕೆ ತಟ್ಟಿಗಳ ಮೇಲೆ ನನ್ನ ರೇಷ್ಮೆ ಹುಳು ಗೂಡು ಕಟ್ಟುತ್ತಿದ್ದವು. ನನ್ನವು ಎಂದೇ ಹೇಳುತ್ತೇನೆ. ಅತ್ತೆಗೆ ಮೊಣಕಾಲು ನೋವು ಬಂದು, ಆ ಸಲ ಮೊದಲ ಬಾರಿಗೆ ಇಡೀ ಬೆಳೆ ನನ್ನ ಕೈಗೆ ಬಂದಿತ್ತು. ಸೊಪ್ಪು ಹಾಕಿ, ಹಿಕ್ಕೆ ತೆಗೆದು, ಪೊರೆ ಕಳಚುವ ನಾಲ್ಕು ಜ್ವರ ದಾಟಿಸಿ, ಗೂಡು ಕಟ್ಟುವಷ್ಟು ಹಣ್ಣು ಮಾಡಿದ್ದೆ. ಗೂಡು ಬಿಡಿಸಿದ ಮೂರ್ನಾಲ್ಕು ದಿನದಲ್ಲಿ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಸೇರಿಸದಿದ್ದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ. ಆಮೇಲೆ ಆ ಗೂಡಿನಿಂದ ನೂಲು ಬರುವುದಿಲ್ಲ. ಎತ್ತಿನ ಗಾಡಿಯಲ್ಲಿ ಹೋದರೆ ಒಳ್ಳೆ ಗೂಡು ಆರಿಸುವವರೆಲ್ಲ ಎದ್ದು ಹೋಗಿರುತ್ತಿದ್ದರು. ಮೋಟಾರು ತಂದದ್ದೇ ಅದಕ್ಕೆ, ಅದರ ಹೊಟ್ಟೆ ಮಾತ್ರ ಹಳ್ಳ ದಾಟುವುದಿಲ್ಲ.

ಚಿಂತಾಮಣಿಯಿಂದ ಬಾಷಾ ಮಿಸ್ತ್ರಿಯನ್ನು ಕರೆಸಿದರು. ಬಿಳಿ ಗಡ್ಡದ, ನಿಧಾನದ ಮನುಷ್ಯ. ಹುಣಸೆ ಮರದ ಕೆಳಗೆ ಚಾಪೆ ಹಾಕಿ ಮೋಟಾರಿನಡಿ ತೂರಿ, ಹೊರಬಂದು ಕೈ ಒರೆಸಿಕೊಂಡರು. ಚಕ್ರದ ಹತ್ತಿರ ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳಿರುತ್ತವಲ್ಲ, ಅದೇ ಕಮಾನು. ಮೋಟಾರು ಕೂತಿರುವುದು ಅದರ ಮೇಲೆ.

"ಮೇಲೆತ್ತೋಕೆ ಮೂರು ದಾರಿ ಐತೆ ಗೌಡ್ರೆ" ಎಂದರು ಮಿಸ್ತ್ರಿ.

ನಮ್ಮ ಯಜಮಾನರು ಕಾಯಲಿಲ್ಲ. "ಇನ್ನೆರಡು ಪಟ್ಟಿ ಸೇರಿಸಿಬಿಡಿ. ಗಟ್ಟಿಮುಟ್ಟಾಗಿರ್ಲಿ."

"ಬಡಗಿ ಹತ್ರ ನಾಲ್ಕು ಜಾಲಿ ದಿಮ್ಮಿ ಮಾಡ್ಸಿ ಅಡೀಗಿಟ್ರೆ ಆಗಲ್ವಾ? ಮಂಚ ಎತ್ತರ ಮಾಡಲ್ವಾ ಹಂಗೆ" ಎಂದರು ಮಾವ.

"ಮಂಚ ಓಡಲ್ಲ ಗೌಡ್ರೆ. ಇದು ಓಡ್ತದೆ, ಬ್ರೇಕ್ ಹಾಕಿದ್ರೆ ದಿಮ್ಮಿ ಜಾರ್ತದೆ. ಪಟ್ಟಿ ಸೇರಿಸಿದ್ರೆ ಎತ್ರ ಆಗ್ತದೆ, ಭಾರ ತಡೀತದೆ, ಆದ್ರೆ ಬಿರುಸು. ಇರೋ ಪಟ್ಟೀನೇ ಬಿಚ್ಚಿ ಬಡಿದು ಬಾಗು ಜಾಸ್ತಿ ಮಾಡಿದ್ರೆ ಎತ್ರಾನೂ ಆಗ್ತದೆ, ಮೆತ್ತಗೂ ಇರ್ತದೆ. ಭಾರ ಅಷ್ಟು ತಡಿಯಲ್ಲ. ನೀವು ಏನು ಹೇರ್ತೀರಿ, ಅದು ಹೇಳಿ ಮೊದ್ಲು."

ಬಾಗಿಲ ಹಿಂದೆ ನನಗೆ ಮೈಯೆಲ್ಲ ಕಿವಿ. ಉಕ್ಕಿನ ಪಟ್ಟಿಗೆ ಇಷ್ಟೊಂದು ಯೋಚನೆ ಇದೆಯೆಂದು ಯಾರು ಕಂಡಿದ್ದರು! ಗೂಡು ಎಂದರೆ ಹತ್ತಿಯ ಹಾಗೆ, ತೊಟ್ಟಿ ತುಂಬಿದರೂ ತೂಕವಿಲ್ಲ, ಆದರೆ ಕುಲುಕಿದರೆ ಒಳಗಿನ ಹುಳು ಒಡೆದು ನೂಲು ಕೆಡುತ್ತದೆ. ನಮಗೆ ಬೇಕಾದದ್ದು ಮೂರನೆಯದು ಎಂದು ನನಗೆ ಆ ಕ್ಷಣಕ್ಕೇ ಹೊಳೆಯಿತು.

ಮಾವ, "ರಾಗಿ. ಹದಿನೈದು ಮೂಟೆ" ಎಂದರು.

ಅವರೇನೂ ಸುಳ್ಳುಗಾರರಲ್ಲ. ನಮ್ಮ ಮನೆಯಲ್ಲಿ ಹುಳು ಇರುವಾಗ ಅದರ ಮಾತನ್ನು ಹೊರಗಿನವರ ಮುಂದೆ ಆಡುವ ಪದ್ಧತಿ ಇರಲಿಲ್ಲ, ದೃಷ್ಟಿ ತಾಗುತ್ತದೆ ಎಂಬ ಭಯ. ಸ್ವಂತ ಅಣ್ಣತಮ್ಮಂದಿರು ಬೆಳೆ ಹೇಗಿದೆ ಎಂದರೂ "ಏನೋ ಇದೆ" ಎನ್ನುವುದೇ ರೂಢಿ. ಅಪರಿಚಿತ ಮಿಸ್ತ್ರಿಗೆ ಹೇಳುವುದುಂಟೆ?

ನಾನು ಅತ್ತೆಯ ಸೆರಗು ಜಗ್ಗಿದೆ. "ಅತ್ತೆ, ಗೂಡು ಅಂತ ಹೇಳ್ಸಿ."

"ನೋರು ಮುಯ್ಯವೇ!" ಎಂದು ಅತ್ತೆ ನನ್ನ ಬಾಯಿಗೇ ಕೈ ಅಡ್ಡ ಹಿಡಿದರು. ಅವರ ತವರು ಆಂಧ್ರದ ಗಡಿ, ಗಾಬರಿಯಾದರೆ ಬಾಯಲ್ಲಿ ತೆಲುಗೇ ಬರುತ್ತಿತ್ತು. "ಗೂಡು ಮನೆಯಿಂದ ಇಳಿಯೋವರ್ಗೂ ಆ ಮಾತು ಎತ್ಬೇಡ."

ಹೀಗೆ ರಾಗಿಗೆಂದು ಪಟ್ಟಿ ಸೇರಿತು. ಹದಿನೈದು ಮೂಟೆ ಹೇರಿ ಪರೀಕ್ಷೆಯೂ ಆಯಿತು. ಅಬ್ಬಾ, ಆ ದಿನದ ಸಂಭ್ರಮ! ಊರಿಗೂರೇ ಹಳ್ಳದ ದಂಡೆಯಲ್ಲಿತ್ತು. ನಾನೂ ಬೇಲಿ ಸಂದಿಯಿಂದ ನೋಡಿದೆ. ನಮ್ಮ ಯಜಮಾನರು ಗೇರು ಬದಲಿಸಿದರು, ನಾಲ್ಕು ಚಕ್ರವೂ ಕೆಸರನ್ನು ಕಚ್ಚಿ ಹಿಡಿದವು, ಮೋಟಾರು ಬಂಡೆಯ ಮೇಲೆ ಗೇಣು ಎತ್ತರದಲ್ಲಿ ಹಾದು ಆಚೆ ದಡ ಹತ್ತಿತು. ನಾನು ಬೇಲಿಯ ಹಿಂದೆ ಕುಣಿದುಬಿಟ್ಟೆ, ಕಾಲಿಗೆ ಮುಳ್ಳು ಚುಚ್ಚಿದ್ದು ಮನೆಗೆ ಬಂದ ಮೇಲೆ ಗೊತ್ತಾಯಿತು.

ಮೂಟೆ ಇಳಿಸಿದ ಮೇಲೆ ತೊಟ್ಟಿಯ ಅಂಚನ್ನು ಕೈಯಿಂದ ಒತ್ತಿ ನೋಡಿದೆ. ಕಲ್ಲು. ಯಜಮಾನರಿಗೆ ಹೇಳಿದರೆ, "ಹುಳ ನೀನು ನೋಡ್ಕೊ, ಕಮಾನು ನಾನು ನೋಡ್ಕೋತೀನಿ" ಎಂದು ನಕ್ಕರು.

ಮಾರನೆಯ ದಿನ ಅವರು ಖಾಲಿ ಮೋಟಾರಿನಲ್ಲಿ ಸಾದಲಿಗೆ ಹೊರಟರು. ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡು ಪ್ರತಿ ಬೆಳೆಯಲ್ಲೂ ಒಂದಿಷ್ಟು ಇರುತ್ತವೆ, ಒಳ್ಳೆ ಬೆಲೆಗೆ ಹೋಗುವುದಿಲ್ಲ. ಅಷ್ಟರಲ್ಲಿ ಬಿಡಿಸಿದ್ದ ಗೂಡಿನಿಂದ ಒಂದು ಕುಕ್ಕೆ ತುಂಬ ಅಂಥವನ್ನು ತೊಟ್ಟಿಯ ಮೂಲೆಗೆ ಕಟ್ಟಿ ಮೇಲೊಂದು ಗೋಣಿ ಮುಚ್ಚಿದೆ. ಅವರಿಗೆ ಹೇಳಲಿಲ್ಲ. ಮಧ್ಯಾಹ್ನ ಮೋಟಾರು ವಾಪಸು ಬಂದ ಸದ್ದು ಕೇಳಿದ್ದೇ ಓಡಿದೆ. ಬ್ಲೇಡಿನಿಂದ ಒಂದು ಗೂಡು ಕೊಯ್ದೆ. ಒಳಗೆ ಹುಳು ಒಡೆದು ಗೂಡೆಲ್ಲ ಕಂದು ನೀರು. ಇನ್ನೊಂದು, ಮತ್ತೊಂದು. ಅರ್ಧಕ್ಕರ್ಧ ಹಾಗೇ ಇತ್ತು.

ಹುಣಸೆ ಮರದ ಕೆಳಗೆ ಮಿಸ್ತ್ರಿ ಸಾಮಾನು ಕಟ್ಟುತ್ತಿದ್ದರು. ಮಾವ ಕಟ್ಟೆಯ ಮೇಲೆ ಕೂತಿದ್ದರು. ನನ್ನ ಕಾಲು ಬಾಗಿಲಲ್ಲಿ ನಿಲ್ಲಲಿಲ್ಲ. ಹೋಗಿ ಅವರೆದುರು ನಿಂತು ಕೊಯ್ದ ಗೂಡು ತುಂಬಿದ ಅಂಗೈ ಚಾಚಿದೆ.

"ಮಾವ, ನಾವು ಹೇರೋದು ರಾಗಿ ಅಲ್ಲ, ಗೂಡು. ಆ ಎರಡು ಪಟ್ಟಿ ತೆಗೆಸಿ. ಇರೋದನ್ನೇ ಬಡಿದು ಬಾಗಿಸೋಕೆ ಹೇಳಿ. ಇಲ್ದಿದ್ರೆ ನನ್ನ ಬೆಳೆ ಶಿಡ್ಲಘಟ್ಟ ಮುಟ್ಟಲ್ಲ."

ಬಾಗಿಲಲ್ಲಿ ಅತ್ತೆ "ಅಯ್ಯಯ್ಯೋ" ಎಂದದ್ದು ಕೇಳಿಸಿತು. ಯಜಮಾನರು ಮೋಟಾರಿನ ಹಿಂದೆ ಸರಿದರು. ಮೊದಲು ಮಾತಾಡಿದವರು ಮಿಸ್ತ್ರಿ. "ಗೂಡಾ? ಗೌಡ್ರೆ, ನಮ್ಮ ಭಾವನ ಮನೇಲೂ ನೂಲು ಬಿಚ್ತಾರೆ. ಮೊದ್ಲೇ ಒಂದ್ ಮಾತು ಹೇಳ್ಬಾರ್ದಿತ್ತಾ?"

ಮಾವ ನನ್ನ ಅಂಗೈಯನ್ನೇ ನೋಡುತ್ತಿದ್ದರು. ಮುಖ ನೋಡುವ ಧೈರ್ಯ ನನಗಿರಲಿಲ್ಲ. ಆಮೇಲೆ ಮಿಸ್ತ್ರಿಯ ಕಡೆ ತಿರುಗಿ, "ತೆಗೀರಿ ಮತ್ತೆ" ಎಂದರು. ಅಷ್ಟೇ.

ಆ ಸಂಜೆಯವರೆಗೂ ಮಿಸ್ತ್ರಿ ಪಟ್ಟಿ ಬಡಿದ ಠಣ್ ಠಣ್ ಸದ್ದು ನನಗೆ ಓಲಗದ ಹಾಗೆ ಕೇಳಿತು. ಬೆಳಿಗ್ಗೆ ಗೂಡು ಹೇರಿದೆವು. ಮೋಟಾರು ತೊಟ್ಟಿಲಿನಂತೆ ತೂಗಾಡಿಕೊಂಡು ನಿಂತಿತ್ತು. ನಾನು ಒಳಗೆ ಹೋಗಲು ತಿರುಗಿದಾಗ ಹಿಂದಿನಿಂದ ಮಾವನ ದನಿ ಬಂತು, "ಎಲ್ಲಿಗಮ್ಮ? ಹತ್ತು, ಮುಂದೆ ಕೂತ್ಕೊ. ನಾನು ತೊಟ್ಟೀಲಿ ಗೂಡಿನ ಹತ್ರ ಇರ್ತೀನಿ." ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಹಳ್ಳ ದಾಟಿದೆ.

ಶಿಡ್ಲಘಟ್ಟದಲ್ಲಿ ಗೂಡು ಕೊಳ್ಳುವ ಸಾಹೇಬರು ಹಿಡಿ ಗೂಡು ಎತ್ತಿ ಒಂದೊಂದಾಗಿ ಕೊಯ್ದರು. ಎಲ್ಲ ಬೆಳ್ಳಗೆ, ಒಣಗಿ, ಚೊಕ್ಕ. "ಏನು ಸೊಪ್ಪು ಹಾಕಿದ್ರಿ ಗೌಡ್ರೆ? ಎಷ್ಟು ಸಲ ಹಾಕಿದ್ರಿ?" ಎಂದು ಕೇಳಿದರು.

ಮಾವ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು. "ಸಾಕಿದವಳು ಇಲ್ಲೇ ಇದಾಳಲ್ಲ ಸಾಹೇಬ್ರೆ. ಅವಳನ್ನೇ ಕೇಳಿ."

ಮೊಮ್ಮಗ ಅರ್ಧ ಗಂಟೆ ಬಿಟ್ಟು ಗ್ಯಾರೇಜಿನಿಂದ ಬಂದ. ಕಣ್ಣಿನ ಡಾಕ್ಟರು ತುಂಬ ಸಣ್ಣ ವಯಸ್ಸಿನವರು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಅವನ ಕಡೆ ತಿರುಗಿ, "ಅಜ್ಜಿಗೆ ಏನು ತೊಂದ್ರೆ? ಎಷ್ಟು ದಿನದಿಂದ?" ಎಂದರು. ಈಚೆಗೆ ಎಲ್ಲರೂ ಹಾಗೇ ಕೇಳುತ್ತಾರೆ, ನನಗೂ ಸುಮ್ಮನಿದ್ದು ರೂಢಿಯಾಗಿತ್ತು. ಮೊಮ್ಮಗ ಬಾಯಿ ತೆರೆಯುವಷ್ಟರಲ್ಲಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ.

"ಕಣ್ಣು ನಂದು ಡಾಕ್ಟ್ರೆ" ಎಂದೆ. "ನನ್ನನ್ನೇ ಕೇಳಿ."